ಎದೆ ಓಡುವಾಗ ಇಸಿಜಿ ಓದುವುದು: ತಾಲೂಕು ಆಸ್ಪತ್ರೆಯ ರಾತ್ರಿ ಡ್ಯೂಟಿಗೆ ಒಂದು ದೋಷ ನಿವಾರಣೆ ಕೈಪಿಡಿ

ಮೊಳಕಾಲ್ಮುರು, ಚಳ್ಳಕೆರೆ, ಜಗಳೂರು, ಹೊಸದುರ್ಗದ ಕಡೆಯಿಂದ ಎದೆ ಡವಡವ ಎಂದು ದಾವಣಗೆರೆಗೆ ಬರುವ ಎಷ್ಟೋ ರೋಗಿಗಳ ಬಡಿತ, ಅವರು ಇಲ್ಲಿ ಮುಟ್ಟುವಷ್ಟರಲ್ಲಿ ಸರಿಹೋಗಿರುತ್ತದೆ. ಕೈಯಲ್ಲಿ ಒಂದು ರೆಫರ್ ಚೀಟಿ. ಅದರಲ್ಲಿ "ಎಸ್‌ವಿಟಿ, ಇಂಜೆಕ್ಷನ್ ಕೊಟ್ಟಿದೆ, ರಿವರ್ಟ್ ಆಗಿದೆ" ಎಂಬ ಒಂದೇ ಸಾಲು. (ಎಸ್‌ವಿಟಿ ಎಂದರೆ ಹೃದಯದ ಮೇಲಿನ ಕೋಣೆಗಳ ಕಡೆಯಿಂದ ಹುಟ್ಟುವ ವೇಗದ ಬಡಿತ, ರಿವರ್ಟ್ ಎಂದರೆ ಸಹಜ ಲಯಕ್ಕೆ ಮರಳುವುದು.) ಬಡಿತ ಓಡುತ್ತಿದ್ದಾಗ ತೆಗೆದ ಇಸಿಜಿ ಎಲ್ಲಿ ಎಂದು ಕೇಳಿದರೆ, ಮಾನಿಟರ್‌ನಲ್ಲೇ ನೋಡಿದರಂತೆ ಎನ್ನುತ್ತಾರೆ. ಮುಂದೆ ಈ ಮನುಷ್ಯನಿಗೆ ಮಾತ್ರೆ ಸಾಕೋ, ಕೆಟ್ಟ ವಿದ್ಯುತ್ ದಾರಿಯನ್ನು ಸುಡುವ ಅಬ್ಲೇಶನ್ ಬೇಕೋ, ಅಪಾಯದ ಬಡಿತಕ್ಕೆ ತಾನೇ ಶಾಕ್ ಕೊಡುವ ಐಸಿಡಿಯನ್ನು ಎದೆಯಲ್ಲಿ ಕೂರಿಸಬೇಕೋ ಎಂಬುದು ತೀರ್ಮಾನವಾಗುವುದು ಆ ಕಳೆದುಹೋದ ಕಾಗದದ ಮೇಲೆ. ಆದ್ದರಿಂದ ಈ ಬರಹದ ಒಂದೇ ಹಟ ಇದು: ಓಡುವ ಬಡಿತವನ್ನು ನಿಲ್ಲಿಸುವ ಮೊದಲು, ಹೃದಯದ ವಿದ್ಯುತ್ತನ್ನು ಹನ್ನೆರಡು ಕೋನಗಳಿಂದ ನೋಡುವ ಹನ್ನೆರಡು ಲೀಡ್‌ನ ಇಸಿಜಿ ತೆಗೆಯಿರಿ, ತೆಗೆದದ್ದನ್ನು ಓದಿ, ಓದಿದ್ದನ್ನು ಕಳೆಯಬೇಡಿ.

ಈ ಹಟವನ್ನು ಬಿಡಬೇಕಾದ ಸಂದರ್ಭ ಒಂದೇ. ಬಿಪಿ ಬಿದ್ದಿದೆ, ಮೈ ತಣ್ಣಗಾಗಿ ಬೆವರುತ್ತಿದೆ, ಮಾತು ತೊದಲುತ್ತಿದೆ, ಎದೆನೋವು ಜೋರಾಗಿದೆ, ಶ್ವಾಸಕೋಶದಲ್ಲಿ ನೀರು ತುಂಬಿದೆ. ಇವುಗಳಲ್ಲಿ ಯಾವುದಾದರೂ ಇದ್ದು ಅದಕ್ಕೆ ಓಡುವ ಬಡಿತವೇ ಕಾರಣ ಎನ್ನಿಸಿದರೆ ವರ್ಗೀಕರಣದ ಪಾಂಡಿತ್ಯ ಪಕ್ಕಕ್ಕಿಡಿ. ಎಚ್ಚರವಿದ್ದವರಿಗೆ ಮಂಪರಿನ ಔಷಧಿ ಕೊಟ್ಟು ಸಿಂಕ್ರೊನೈಸ್ಡ್ ಶಾಕ್, ಅಂದರೆ ಕ್ಯೂಆರ್‌ಎಸ್‌ಗೆ ಹೊಂದಿಸಿದ ವಿದ್ಯುತ್ ಶಾಕ್ ಕೊಡಿ. (ಇಸಿಜಿಯಲ್ಲಿ ಪಿ ಅಲೆ ಮೇಲಿನ ಕೋಣೆಗಳದ್ದು, ಕ್ಯೂಆರ್‌ಎಸ್ ಕೆಳಕೋಣೆಗಳದ್ದು, ಟಿ ಕೆಳಕೋಣೆಗಳು ಚೇತರಿಸಿಕೊಳ್ಳುವಾಗಿನದು; ಕ್ಯೂಆರ್‌ಎಸ್‌ನ ಮೇಲ್ಮುಖ ತುದಿ ಆರ್, ಅದರ ಹಿಂದಿನ ಇಳಿತ ಎಸ್.) ಬೈಫೇಸಿಕ್ ಯಂತ್ರದಲ್ಲಿ ಸಮ ಲಯದ ಕಿರಿದಾದ ಕ್ಯೂಆರ್‌ಎಸ್‌ಗೆ 50ರಿಂದ 100 ಜೂಲ್, ಸಮ ಲಯದ ಅಗಲ ಕ್ಯೂಆರ್‌ಎಸ್‌ಗೆ 100, ಏಟ್ರಿಯಲ್ ಫಿಬ್ರಿಲೇಶನ್‌ಗೆ (ಮೇಲಿನ ಕೋಣೆಗಳು ಲಯವಿಲ್ಲದೆ ಕದಡುವುದು) 200. ಎರಡನೇ ಶಾಕ್ ಬೇಕಾದರೆ ಸಿಂಕ್ ಬಟನ್ ಮತ್ತೆ ಒತ್ತಬೇಕು, ಬಹಳಷ್ಟು ಯಂತ್ರಗಳು ಒಂದು ಶಾಕ್ ಆದಮೇಲೆ ಅದನ್ನು ತಾವೇ ಆರಿಸಿಬಿಡುತ್ತವೆ. ನಾಡಿಯೇ ಸಿಗದಿದ್ದರೆ ಅದು ಹೃದಯ ಸ್ತಂಭನ, ಅದರ ದಾರಿ ಬೇರೆ.

ಯಂತ್ರವನ್ನು ಮೊದಲು ಅನುಮಾನಿಸಿ

ಇಸಿಜಿ ಯಂತ್ರ ತಲೆಬರಹದಲ್ಲಿ ಮುದ್ರಿಸುವ ರೋಗನಿರ್ಣಯವನ್ನು ಬೆರಳಿನಿಂದ ಮುಚ್ಚಿಕೊಂಡು ಓದುವುದು ಒಳ್ಳೆಯ ರೂಢಿ. ಫ್ಲಟರ್ (ಮೇಲಿನ ಕೋಣೆಯಲ್ಲಿ ವಿದ್ಯುತ್ ವೇಗವಾಗಿ ಸುತ್ತು ಹೊಡೆಯುವುದು) ಇದ್ದಾಗ ಅದು ಸೈನಸ್ ಟ್ಯಾಕಿಕಾರ್ಡಿಯ (ಹೃದಯದ ಸಹಜ ಲಯವೇ ವೇಗವಾಗಿರುವುದು) ಎಂದು ಧೈರ್ಯವಾಗಿ ಬರೆಯುತ್ತದೆ. ಎತ್ತರದ ಟಿ ಅಲೆಯನ್ನೂ ಕ್ಯೂಆರ್‌ಎಸ್ ಎಂದು ಎಣಿಸಿ ಬಡಿತವನ್ನು ಎರಡು ಪಟ್ಟು ತೋರಿಸುವುದೂ ಉಂಟು. ನಾಡಿ ಹಿಡಿದು, ಸ್ಟೆತೋಸ್ಕೋಪ್ ಇಟ್ಟು, ಆ ಸಂಖ್ಯೆ ನಿಜವೇ ನೋಡಿ.

ಕಾಗದದ ವೇಗ ಸೆಕೆಂಡಿಗೆ 25 ಮಿಲಿಮೀಟರ್ ಇದೆಯೇ, ಒಂದು ಮಿಲಿವೋಲ್ಟ್‌ಗೆ 10 ಮಿಲಿಮೀಟರ್ ಎತ್ತರ ಇದೆಯೇ ಎಂದು ಅಂಚಿನಲ್ಲಿ ನೋಡಿಕೊಳ್ಳಿ. ಈ ವೇಗದಲ್ಲಿ ಸಣ್ಣ ಚೌಕ 0.04 ಸೆಕೆಂಡ್, ದೊಡ್ಡ ಚೌಕ 0.2 ಸೆಕೆಂಡ್. ಲಯ ಸಮವಾಗಿದ್ದರೆ 300ನ್ನು ಎರಡು ಆರ್ ಅಲೆಗಳ ನಡುವಿನ ದೊಡ್ಡ ಚೌಕಗಳಿಂದ ಭಾಗಿಸಿ: ಎರಡು ಚೌಕ ಇದ್ದರೆ 150, ಒಂದೂವರೆ ಇದ್ದರೆ 200. ಲಯ ತಪ್ಪಿದ್ದರೆ 30 ದೊಡ್ಡ ಚೌಕಗಳೊಳಗಿನ ಕ್ಯೂಆರ್‌ಎಸ್ ಎಣಿಸಿ ಹತ್ತರಿಂದ ಗುಣಿಸಿ.

ಬೇಸಿಗೆಯಲ್ಲಿ ಬೆವರಿದ ಎದೆಯ ಮೇಲೆ ರಬ್ಬರ್ ಬಲ್ಬಿನ ಎಲೆಕ್ಟ್ರೋಡ್ ನಿಲ್ಲುವುದಿಲ್ಲ. ಒರೆಸಿ, ಜೆಲ್ಲಿ ಹಚ್ಚಿ, ಮತ್ತೆ ಇಡಿ. ಅರ್ಥಿಂಗ್ ಸರಿಯಿಲ್ಲದ ಕಡೆ 50 ಹರ್ಟ್ಸ್‌ನ ಸಣ್ಣ ನಡುಕ ಇಡೀ ಗೆರೆಯನ್ನು ದಪ್ಪ ಮಾಡುತ್ತದೆ, ಅದು ಕಣ್ಣಿಗೆ ಕಾಣುವ ದೋಷವಾದ್ದರಿಂದ ಅಪಾಯ ಕಡಿಮೆ. ಮೋಸ ಮಾಡುವುದು ಕೈನಡುಕ. ಪಾರ್ಕಿನ್ಸನ್ ಇರುವ ಅಜ್ಜನ ಕೈ ಸೆಕೆಂಡಿಗೆ ಸುಮಾರು ಐದು ಸಲ ನಡುಗಿದರೆ ನಿಮಿಷಕ್ಕೆ 300 ಆಯಿತು, ಅಂದರೆ ಫ್ಲಟರ್‌ನದೇ ವೇಗ. ಚಳಿಜ್ವರದ ನಡುಕ, ಕೆಳಕೋಣೆಯಿಂದ ಹುಟ್ಟುವ ಅಪಾಯದ ವೇಗದ ಬಡಿತವಾದ ವಿಟಿಯ ವೇಷ ಹಾಕಿಕೊಂಡು ಬರುತ್ತದೆ. ಪರೀಕ್ಷೆ ಸುಲಭ: ಆ ಗಲಾಟೆಯ ನಡುವೆ ಸಮ ಅಂತರದಲ್ಲಿ ಚೂಪಾದ ಕ್ಯೂಆರ್‌ಎಸ್‌ಗಳು ತಮ್ಮ ಪಾಡಿಗೆ ನಡೆದುಹೋಗುತ್ತಿವೆಯೇ ಹುಡುಕಿ, ಮೂರು ಕೈಕಾಲಿನ ಲೀಡ್‌ಗಳಲ್ಲಿ ಒಂದಾದರೂ ಶುದ್ಧವಾಗಿದೆಯೇ ನೋಡಿ. ಬಲಗೈ ನಡುಗಿದರೆ ಮೂರನೇ ಲೀಡ್ ಸ್ವಚ್ಛವಾಗಿರುತ್ತದೆ, ಏಕೆಂದರೆ ಅದರಲ್ಲಿ ಬಲಗೈ ಇಲ್ಲವೇ ಇಲ್ಲ.

ಎರಡು ಪ್ರಶ್ನೆ, ನಾಲ್ಕು ಮನೆ

ಕ್ಯೂಆರ್‌ಎಸ್ ಅಗಲವೋ ಕಿರಿದೋ? ಲಯ ಸಮವೋ ತಪ್ಪಿದೆಯೋ? ಮೂರು ಸಣ್ಣ ಚೌಕ, ಅಂದರೆ 0.12 ಸೆಕೆಂಡ್ ಮುಟ್ಟಿದರೆ ಅಗಲ. ಅತಿ ಅಗಲವಾಗಿ ಕಾಣುವ ಲೀಡ್‌ನಲ್ಲಿ ಅಳೆಯಿರಿ. ಒಂದು ಲೀಡ್‌ನಲ್ಲಿ ಕಿರಿದಾಗಿ ಕಂಡಿತೆಂದು ಸಮಾಧಾನಪಡಬೇಡಿ, ಅಲ್ಲಿ ಕ್ಯೂಆರ್‌ಎಸ್‌ನ ಒಂದಷ್ಟು ಭಾಗ ಗೆರೆಗೆ ಅಂಟಿಕೊಂಡು ಮಲಗಿರಬಹುದು. ಲಯ ಸಮವೋ ಎಂದು ಕಣ್ಣಂದಾಜಿಗೆ ಬಿಡಬೇಡಿ. ಚೂರು ಕಾಗದದ ಅಂಚಿನಲ್ಲಿ ಮೂರು ಆರ್ ಅಲೆಗಳಿಗೆ ಪೆನ್ನಿನ ಗುರುತು ಹಾಕಿ, ಕಾಗದವನ್ನು ಪಟ್ಟಿಯುದ್ದಕ್ಕೂ ಸರಿಸಿ. 180ರ ವೇಗದಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಕೂಡ ಮೇಲ್ನೋಟಕ್ಕೆ ಸಮವಾಗಿಯೇ ಕಾಣುತ್ತದೆ.

ಕಿರಿದು, ಸಮ

ಇಲ್ಲಿ ಮೊದಲು ತಳ್ಳಿಹಾಕಬೇಕಾದದ್ದು ಸೈನಸ್ ಟ್ಯಾಕಿಕಾರ್ಡಿಯ. ಅದು ಹೃದಯದ ಕಾಯಿಲೆಯಲ್ಲ. ಜ್ವರ, ನೀರಿನ ಕೊರತೆ, ರಕ್ತಹೀನತೆ, ಒಳಗೆ ರಕ್ತಸ್ರಾವ, ಥೈರಾಯ್ಡ್, ಸೋಂಕು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಇವುಗಳ ಕೂಗು. ಒಂದು, ಎರಡು ಮತ್ತು ಎವಿಎಫ್ ಲೀಡ್‌ಗಳಲ್ಲಿ ಪಿ ಅಲೆ ನೆಟ್ಟಗೆ, ಎವಿಆರ್‌ನಲ್ಲಿ ತಲೆಕೆಳಗು. ಬಡಿತ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಒಂದು ಬಾಟಲಿ ಸಲೈನ್ ಹೋದಮೇಲೆ 140 ಇದ್ದದ್ದು 126 ಆದರೆ ಅದು ಸೈನಸ್ಸೇ. 220ರಿಂದ ವಯಸ್ಸನ್ನು ಕಳೆದರೆ ಬರುವ ಸಂಖ್ಯೆಯನ್ನು ಸೈನಸ್ ಸಾಮಾನ್ಯವಾಗಿ ದಾಟುವುದಿಲ್ಲ: ಎಪ್ಪತ್ತರ ಅಜ್ಜಿ ಮಂಚದ ಮೇಲೆ ಮಲಗಿ 170 ತೋರಿಸಿದರೆ ಬೇರೇನೋ ಇದೆ. ನಮ್ಮ ಬಯಲುಸೀಮೆಯಲ್ಲಿ ಇನ್ನೊಂದು ಕಾರಣ ಸೇರಿಸಿಕೊಳ್ಳಬೇಕು. ಶೇಂಗಾ ಹೊಲದಲ್ಲಿ ಕೆಂಪು ಚೇಳು ಕಡಿದು ಬಂದವರಿಗೆ ಬಡಿತ ಓಡುತ್ತದೆ, ಬೆವರು ಸುರಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ. ಅದಕ್ಕೆ ಬೇಕಿರುವುದು ಪ್ರಜೋಸಿನ್. ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್ ತೋರಿಸಿಕೊಟ್ಟ ಮದ್ದು ಅದು. ಮೇಲಿನ ಕೋಣೆಯಿಂದ ಕೆಳಗಿಳಿಯುವ ವಿದ್ಯುತ್ತನ್ನು ಕ್ಷಣಕಾಲ ತಡೆಯುವ ಅಡಿನೋಸಿನ್‌ಗೆ ಅಲ್ಲಿ ಕೆಲಸವಿಲ್ಲ.

"ಸ್ವಿಚ್ ಹಾಕಿದಂಗೆ ಶುರುವಾತು ಸಾರ್" ಎಂದು ರೋಗಿಯೇ ಹೇಳಿದರೆ ಅರ್ಧ ನಿರ್ಣಯ ಆದಂತೆ. ಥಟ್ಟನೆ ಶುರು, ಥಟ್ಟನೆ ನಿಲುಗಡೆ, ನಡುವೆ ಅಳತೆಗೋಲಿಟ್ಟಂತೆ ಅಲುಗದ ಲಯ, 150ರಿಂದ 250ರ ವೇಗ: ಇದು ಎವಿಎನ್‌ಆರ್‌ಟಿ ಅಥವಾ ಎವಿಆರ್‌ಟಿ, ಎಸ್‌ವಿಟಿಯ ಎರಡು ಬಗೆ. ಮೊದಲನೆಯದರಲ್ಲಿ ವಿದ್ಯುತ್, ಮೇಲಿನ ಕೆಳಗಿನ ಕೋಣೆಗಳ ನಡುವಿನ ದ್ವಾರವಾದ ಎವಿ ನೋಡ್‌ನ ಬಳಿಯಲ್ಲೇ ಸಣ್ಣ ಸುತ್ತು ಹೊಡೆಯುತ್ತದೆ, ಮೇಲಿನ ಕೆಳಗಿನ ಕೋಣೆಗಳು ಹೆಚ್ಚುಕಡಿಮೆ ಒಟ್ಟಿಗೇ ಬಡಿಯುತ್ತವೆ. ಆದ್ದರಿಂದ ಪಿ ಅಲೆ ಕ್ಯೂಆರ್‌ಎಸ್‌ನೊಳಗೆ ಹೂತುಹೋಗುತ್ತದೆ, ಅಥವಾ ಬಾಲದಲ್ಲಿ ಚೂರು ಇಣುಕುತ್ತದೆ: ಎದೆಯ ಮೊದಲ ಲೀಡ್ ವಿ1ರಲ್ಲಿ ಕೊನೆಗೊಂದು ಪುಟ್ಟ ಆರ್, ಎರಡು, ಮೂರು, ಎವಿಎಫ್‌ನಲ್ಲಿ ಕೊನೆಗೊಂದು ಪುಟ್ಟ ಎಸ್. ರಿವರ್ಟ್ ಆದಮೇಲೆ ತೆಗೆದ ಇಸಿಜಿಯನ್ನು ಪಕ್ಕದಲ್ಲಿಟ್ಟರೆ ಆ ಪುಟ್ಟ ಅಲೆ ಮಾಯವಾಗಿರುವುದು ಕಾಣುತ್ತದೆ. ಎರಡು ಕಾಗದ ಬೇಕು ಎನ್ನುವುದು ಇದಕ್ಕೇ. ಎವಿಆರ್‌ಟಿಯಲ್ಲಿ ವಿದ್ಯುತ್ ಹೊರಗಿನ ಹೆಚ್ಚುವರಿ ದಾರಿ ಸುತ್ತಿ ಬರಬೇಕಾದ್ದರಿಂದ ಪಿ ತಡವಾಗಿ, ಎಸ್‌ಟಿ ಭಾಗದ (ಕ್ಯೂಆರ್‌ಎಸ್ ಮತ್ತು ಟಿ ಅಲೆಯ ನಡುವಿನ ಗೆರೆ) ಮೇಲೆ ಕೂರುತ್ತದೆ. ಕ್ಯೂಆರ್‌ಎಸ್‌ನ ಆರಂಭದಿಂದ ಅಳೆದರೆ ಎರಡು ಸಣ್ಣ ಚೌಕ ದಾಟಿರುತ್ತದೆ. ಪಿ ಅಲೆ ಮುಂದಿನ ಕ್ಯೂಆರ್‌ಎಸ್‌ಗೇ ಹತ್ತಿರವಿದ್ದು, ಆಕಾರ ಸೈನಸ್‌ನದಲ್ಲದಿದ್ದರೆ ಏಟ್ರಿಯಲ್ ಟ್ಯಾಕಿಕಾರ್ಡಿಯ ನೆನೆಯಿರಿ. ಬೇಲಿಯ ಹಳದಿ ಕಣಗಿಲೆಯ ಬೀಜ ಅರೆದು ಕುಡಿದವರಲ್ಲಿ, ಡಿಗಾಕ್ಸಿನ್ ಹೆಚ್ಚಾದವರಲ್ಲಿ, ಏಟ್ರಿಯಲ್ ಟ್ಯಾಕಿಕಾರ್ಡಿಯದ ಜೊತೆಗೇ ಬ್ಲಾಕ್ (ವಿದ್ಯುತ್ ಕೆಳಗಿಳಿಯದಂತೆ ತಡೆ) ಕಾಣಿಸಿಕೊಳ್ಳಬಹುದು.

ಇನ್ನು 150. ಅಲುಗದ 150 ಕಂಡ ಕೂಡಲೇ, ಬೇರೆ ಎಂದು ಸಾಬೀತಾಗುವವರೆಗೆ ಅದು ಏಟ್ರಿಯಲ್ ಫ್ಲಟರ್ ಎಂದೇ ಹಿಡಿಯಿರಿ. ಮೇಲಿನ ಕೋಣೆ ಸುಮಾರು 300ರಲ್ಲಿ ಸುತ್ತುತ್ತಿರುತ್ತದೆ, ಎವಿ ನೋಡ್ ಎರಡಕ್ಕೊಂದನ್ನು ಮಾತ್ರ ಕೆಳಗೆ ಬಿಡುತ್ತದೆ. ಗರಗಸದ ಹಲ್ಲು ಎರಡು, ಮೂರು, ಎವಿಎಫ್‌ನಲ್ಲಿ ಇರಲೇಬೇಕು, ಆದರೆ ಅರ್ಧ ಹಲ್ಲುಗಳು ಕ್ಯೂಆರ್‌ಎಸ್‌ಗೂ ಟಿ ಅಲೆಗೂ ಬೆರೆತುಹೋಗಿ ಕಣ್ಣಿಗೆ ಬೀಳುವುದಿಲ್ಲ. ಬಿಕ್ಸ್ ನಿಯಮ ಇಲ್ಲಿ ಕೈಹಿಡಿಯುತ್ತದೆ: ಪಿ ಅಲೆ ಎರಡು ಕ್ಯೂಆರ್‌ಎಸ್‌ಗಳ ನಟ್ಟನಡುವೆ ಕಂಡರೆ, ಇನ್ನೊಂದು ಪಿ ಕ್ಯೂಆರ್‌ಎಸ್‌ನೊಳಗೆ ಅಡಗಿದೆ ಎಂದು ಅನುಮಾನಿಸಿ. ಕಾಗದವನ್ನು ತಲೆಕೆಳಗು ಮಾಡಿ ನೋಡಿದರೂ ಕೆಲವೊಮ್ಮೆ ಹಲ್ಲು ಕಾಣುತ್ತದೆ. ನಗಬೇಡಿ, ಮಾಡಿ ನೋಡಿ. ಪಿ ಅಲೆ ಸಿಗದೆ ಸತಾಯಿಸಿದರೆ ಲೂಯಿಸ್ ಲೀಡ್ ಹಾಕಿ. ಬಲಗೈ ಎಲೆಕ್ಟ್ರೋಡನ್ನು ಎದೆಮೂಳೆಯ ಮೇಲ್ತುದಿಗೆ, ಎಡಗೈಯದನ್ನು ಎದೆಮೂಳೆಯ ಬಲ ಪಕ್ಕದ ಐದನೇ ಪಕ್ಕೆಸಂದಿಗೆ ಸರಿಸಿ ಒಂದನೇ ಲೀಡ್ ನೋಡಿ. ಹೆಚ್ಚುವರಿ ಸಾಮಾನು ಏನೂ ಬೇಡ.

ಅಡಿನೋಸಿನ್: ಮದ್ದೂ ಹೌದು, ಪರೀಕ್ಷೆಯೂ ಹೌದು

ಅದಕ್ಕೂ ಮೊದಲು ವಾಲ್ಸಾಲ್ವಾ, ಆದರೆ ಸರಿಯಾಗಿ. ಅರ್ಧ ಕುಳಿತ ಭಂಗಿಯಲ್ಲಿ 10 ಎಂಎಲ್ ಸಿರಿಂಜಿನ ದಂಡ ಅಲುಗುವಷ್ಟು ಜೋರಾಗಿ 15 ಸೆಕೆಂಡ್ ಊದಿಸಿ, ತಕ್ಷಣ ಅಂಗಾತ ಮಲಗಿಸಿ ಕಾಲುಗಳನ್ನು 45 ಡಿಗ್ರಿ ಎತ್ತಿ 15 ಸೆಕೆಂಡ್ ಹಿಡಿಯಿರಿ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ರಿವರ್ಟ್ ಅಧ್ಯಯನದಲ್ಲಿ ಈ ಕ್ರಮದಿಂದ ಶೇ. 43 ಮಂದಿಗೆ ಬಡಿತ ಸರಿಹೋಯಿತು, ಬರೀ ಊದಿಸಿದಾಗ ಶೇ. 17. ಖರ್ಚು ಒಂದು ಸಿರಿಂಜು. ಇಷ್ಟು ಅಗ್ಗದ ಚಿಕಿತ್ಸೆಯನ್ನು ಇಷ್ಟೊಂದು ಅರೆಮನಸ್ಸಿನಿಂದ ಮಾಡುವುದೇಕೋ ತಿಳಿಯದು.

ಅಡಿನೋಸಿನ್ 6 ಎಂಜಿ, ಆಗದಿದ್ದರೆ 12. ಮೊಣಕೈ ಮಡಿಕೆಯ ದೊಡ್ಡ ರಕ್ತನಾಳದಲ್ಲಿ ಕೊಡಬೇಕು, ಬೆನ್ನಿಗೇ 20 ಎಂಎಲ್ ಸಲೈನ್ ದೂಡಿ ಕೈ ಎತ್ತಬೇಕು. ರಕ್ತದಲ್ಲಿ ಅದರ ಅರ್ಧಾಯುಷ್ಯ ಹತ್ತು ಸೆಕೆಂಡಿಗೂ ಕಡಿಮೆ. ಅಂಗೈ ಹಿಂಬದಿಯ ಸಣ್ಣ ವೆನ್‌ಫ್ಲಾನ್‌ನಲ್ಲಿ ನಿಧಾನಕ್ಕೆ ಬಿಟ್ಟರೆ ಹೃದಯ ಮುಟ್ಟುವ ಮೊದಲೇ ಸತ್ತುಹೋಗಿರುತ್ತದೆ. ಆಸ್ತಮಾ ಜೋರಾಗಿರುವವರಿಗೆ ಬೇಡ. ಡಿಫಿಬ್ರಿಲೇಟರ್ ಪಕ್ಕದಲ್ಲೇ ಇರಲಿ. "ಅಮ್ಮಾ, ಒಂದು ಗಳಿಗೆ ಎದೆ ಹಿಂಡಿದಂಗೆ, ಜೀವ ಹೋದಂಗೆ ಆಗುತ್ತೆ, ಹೆದರಬೇಡ್ರಿ" ಎಂದು ಮೊದಲೇ ಹೇಳಿ.

ಇಷ್ಟೆಲ್ಲ ಮಾಡಿ, ಕೊಡುವಾಗ ಇಸಿಜಿ ಕಾಗದ ಓಡಿಸದಿದ್ದರೆ ಪರೀಕ್ಷೆಯ ಅರ್ಧ ವ್ಯರ್ಥ. ಸಿಸ್ಟರ್ ಸಿರಿಂಜು ಹಿಡಿಯುವ ಮುಂಚೆಯೇ ರಿದಂ ಸ್ಟ್ರಿಪ್ ಶುರುವಾಗಿರಲಿ. ಥಟ್ಟನೆ ನಿಂತು, ಕೊನೆಯಲ್ಲಿ ಒಂಟಿ ಪಿ ಅಲೆ ಉಳಿದರೆ ಎವಿಎನ್‌ಆರ್‌ಟಿ ಅಥವಾ ಎವಿಆರ್‌ಟಿಯೇ ಹೆಚ್ಚುಕಡಿಮೆ ಖಚಿತ. ಕ್ಯೂಆರ್‌ಎಸ್ ಕೆಲ ಸೆಕೆಂಡ್ ಮಾಯವಾಗಿ ಬರೀ ಗರಗಸದ ಹಲ್ಲು ಸಾಲಾಗಿ ಕಂಡರೆ ಫ್ಲಟರ್. ಬಡಿತ ಮತ್ತೆ 150ಕ್ಕೆ ಮರಳುತ್ತದೆ, ಮದ್ದು ಸೋತಿತೆಂದು ಬೇಸರಪಡಬೇಡಿ, ಉತ್ತರ ಸಿಕ್ಕಿದೆ. ಮೆಲ್ಲಗೆ ಇಳಿದು ಮೆಲ್ಲಗೆ ಏರಿದರೆ ಸೈನಸ್. ಏನೂ ಆಗದಿದ್ದರೆ ಮದ್ದು ಹೃದಯಕ್ಕೆ ತಲುಪಿಲ್ಲ, ಇಲ್ಲವೇ ಇದು ಕೆಳಕೋಣೆಯ ಬಡಿತ.

ಕಿರಿದು, ಲಯ ತಪ್ಪಿದ್ದು

ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಸಿಡಿದ ಹಾಗೆ, ಯಾವ ಎರಡು ಬಡಿತಕ್ಕೂ ಒಂದೇ ಅಂತರವಿಲ್ಲದಿದ್ದರೆ ಏಟ್ರಿಯಲ್ ಫಿಬ್ರಿಲೇಶನ್. ಪಿ ಅಲೆ ಇಲ್ಲ, ಗೆರೆ ಸಣ್ಣಗೆ ಕದಡುತ್ತಿರುತ್ತದೆ, ಎದೆಯಲ್ಲಿ ಕೇಳುವ ಬಡಿತಕ್ಕಿಂತ ಕೈಯ ನಾಡಿ ಕಡಿಮೆ ಸಿಗುತ್ತದೆ. ಮೂವತ್ತು ದಾಟದ ಹೆಣ್ಣುಮಗಳಲ್ಲಿ ಇದು ಕಂಡರೆ ರುಮ್ಯಾಟಿಕ್ ಮೈಟ್ರಲ್ ಸ್ಟೆನೋಸಿಸ್ (ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕಿರಿದಾಗುವುದು) ಇದೆಯೇ ಎಂದು ಎಕೋ ಮಾಡಿಸಿ. ಬೀಡಿ ಸೇದಿ ಶ್ವಾಸಕೋಶ ಹಾಳಾದವರಲ್ಲಿ ಲಯ ತಪ್ಪಿದ್ದರೂ ಮೂರು ಬಗೆಯ ಪಿ ಅಲೆಗಳು ಸ್ಪಷ್ಟವಾಗಿದ್ದರೆ ಅದು ಮಲ್ಟಿಫೋಕಲ್ ಏಟ್ರಿಯಲ್ ಟ್ಯಾಕಿಕಾರ್ಡಿಯ; ಶಾಕ್ ಕೊಟ್ಟು ಪ್ರಯೋಜನವಿಲ್ಲ, ಉಸಿರಾಟ ಸರಿಮಾಡಿ.

ಅಗಲ, ಸಮ

ರಾತ್ರಿ ಫೋನ್‌ನಲ್ಲಿ ಬರುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: "ಸರ್, ವೈಡ್ ಕಾಂಪ್ಲೆಕ್ಸ್ ಇದೆ, ಆದ್ರೆ ಪೇಷೆಂಟ್ ಆರಾಮಾಗಿ ಕೂತ್ಕೊಂಡು ಮಾತಾಡ್ತಿದಾರೆ, ಬಿಪಿ 120/80. ಎಸ್‌ವಿಟಿ ಇರ್ಬೇಕಲ್ವಾ? ವೆರಪಾಮಿಲ್ ಕೊಡ್ಲಾ?"

ಬೇಡ. ಕೂತು ಮಾತಾಡುವವರಿಗೂ ವಿಟಿ ಇರುತ್ತದೆ, ಗಂಟೆಗಟ್ಟಲೆ ಇರುತ್ತದೆ. ಬಿಪಿ ಹೇಳುವುದು ಎಷ್ಟು ಅವಸರ ಎಂಬುದನ್ನು, ಬಡಿತ ಯಾವ ಕೋಣೆಯದು ಎಂಬುದನ್ನಲ್ಲ. ಅಗಲವಾಗಿ ಸಮವಾಗಿ ಓಡುವ ಬಡಿತಗಳಲ್ಲಿ ಹತ್ತಕ್ಕೆ ಎಂಟು ವಿಟಿ. ಹಿಂದೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಇನ್ನೂ ಹೆಚ್ಚು. ವಿಟಿಯನ್ನು ಎಸ್‌ವಿಟಿ ಎಂದುಕೊಂಡು ವೆರಪಾಮಿಲ್ ಕೊಟ್ಟರೆ ಬಿಪಿ ಕುಸಿದು ಹೃದಯ ನಿಲ್ಲಬಹುದು. ಎಸ್‌ವಿಟಿಯನ್ನು ವಿಟಿ ಎಂದುಕೊಂಡರೆ ಅಂಥ ನಷ್ಟವೇನಿಲ್ಲ. ಆದ್ದರಿಂದ ಸಂಶಯವಿದ್ದರೆ ವಿಟಿ ಎಂದೇ ನಡೆಯಿರಿ.

ಸಾಕ್ಷ್ಯ ಹುಡುಕುವ ಕ್ರಮದಲ್ಲಿ ನನ್ನ ಒಲವು ಸರಳವಾದವುಗಳ ಕಡೆಗೆ. ಮೊದಲು ಪಿ ಅಲೆಗಳು ತಮ್ಮದೇ ನಿಧಾನ ಲಯದಲ್ಲಿ, ಕ್ಯೂಆರ್‌ಎಸ್‌ನ ಪರಿವೆಯಿಲ್ಲದೆ ನಡೆಯುತ್ತಿವೆಯೇ ನೋಡಿ; ಕಂಡರೆ ವಿಟಿ, ಚರ್ಚೆ ಮುಗಿಯಿತು. ಅಗಲ ಸಾಲಿನ ನಡುವೆ ಒಂದೇ ಒಂದು ಕಿರಿದಾದ ಬಡಿತ ಸ್ವಲ್ಪ ಬೇಗ ಬಂದಿದ್ದರೆ ಅದು ಕ್ಯಾಪ್ಚರ್ ಬೀಟ್, ಎರಡರ ಬೆರಕೆಯ ಆಕಾರವಿದ್ದರೆ ಫ್ಯೂಶನ್ ಬೀಟ್. ಅವೂ ಅಷ್ಟೇ ಖಚಿತ. ಆದರೆ ಇವು ಸಿಗುವುದು ಅಪರೂಪ, ಸಿಗಲಿಲ್ಲವೆಂದರೆ ವಿಟಿ ಅಲ್ಲ ಎಂದಲ್ಲ. ನಂತರ ಎವಿಆರ್: ಕ್ಯೂಆರ್‌ಎಸ್ ಶುರುವಿನಲ್ಲೇ ಎತ್ತರದ ಆರ್ ಇದ್ದರೆ ವಿಟಿ. ಒಂದನೇ ಲೀಡ್ ಮತ್ತು ಎವಿಎಫ್ ಎರಡೂ ಕೆಳಮುಖವಾಗಿದ್ದರೆ ಅದೂ ವಿಟಿಯ ಕಡೆಗೆ. ವಿ1ರಿಂದ ವಿ6ರವರೆಗೆ ಎಲ್ಲವೂ ಮೇಲ್ಮುಖ, ಅಥವಾ ಎಲ್ಲವೂ ಕೆಳಮುಖ ಇದ್ದರೆ ಹಾಗೆಯೇ.

1991ರ ಬ್ರುಗಾಡಾ ಕ್ರಮದ ಮೊದಲೆರಡು ಮೆಟ್ಟಿಲುಗಳನ್ನು ಬಾಯಿಪಾಠ ಮಾಡಿಕೊಂಡರೆ ಸಾಕು: ಎದೆಯ ಆರೂ ಲೀಡ್‌ಗಳಲ್ಲಿ ಒಂದರಲ್ಲೂ ಆರ್‌ಎಸ್ ಆಕಾರವಿಲ್ಲದಿದ್ದರೆ ವಿಟಿ, ಇದ್ದಲ್ಲಿ ಆರ್ ಶುರುವಿನಿಂದ ಎಸ್ ತಳದವರೆಗೆ 0.1 ಸೆಕೆಂಡ್, ಅಂದರೆ ಎರಡೂವರೆ ಸಣ್ಣ ಚೌಕ ದಾಟಿದರೆ ವಿಟಿ. ಇನ್ನೂ ಸುಲಭದ್ದು 2010ರಲ್ಲಿ ಬಂತು: ಎರಡನೇ ಲೀಡ್‌ನಲ್ಲಿ ಕ್ಯೂಆರ್‌ಎಸ್ ಆರಂಭದಿಂದ ಮೊದಲ ತುದಿ ಮುಟ್ಟಲು 0.05 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ವಿಟಿ. ಹಿಂದಿರುವ ತರ್ಕ ಒಂದೇ. ಹೃದಯದೊಳಗಿನ ವೇಗದ ತಂತಿಗಳಲ್ಲಿ ಹರಿಯುವ ವಿದ್ಯುತ್ ಆರಂಭದಲ್ಲೇ ಚುರುಕಾಗಿರುತ್ತದೆ, ಸ್ನಾಯುವಿನಿಂದ ಸ್ನಾಯುವಿಗೆ ದಾಟುವ ವಿದ್ಯುತ್ ಆರಂಭದಲ್ಲಿ ತೆವಳುತ್ತದೆ.

ಎಸ್‌ವಿಟಿ ಎನ್ನಲು ಗಟ್ಟಿ ಆಧಾರ ಯಾವುದು? ರೋಗಿಯ ಹಳೆಯ ಇಸಿಜಿ. ಅದರಲ್ಲೂ ಇದೇ ಆಕಾರದ ಬಂಡಲ್ ಬ್ರಾಂಚ್ ಬ್ಲಾಕ್ (ಕೆಳಕೋಣೆಯ ವೇಗದ ತಂತಿಗಳ ಒಂದು ಕವಲಿನಲ್ಲಿ ತಡೆ) ಇದ್ದರೆ ಮಾತ್ರ ಧೈರ್ಯ ಮಾಡಬಹುದು. ಮನೆಯವರನ್ನು ಕೇಳಿ: "ಅಣ್ಣಾ, ಮನೇಲಿ ಹಳೇ ಇಸಿಜಿ ಐತಾ? ಫೋಟೋ ಹೊಡ್ದು ಕಳ್ಸೋಕಾಗುತ್ತಾ?"

ಅಡಿನೋಸಿನ್‌ಗೆ ನಿಂತಿತು, ಹಾಗಾಗಿ ಎಸ್‌ವಿಟಿ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ಬಲ ಕುಹರದ ಹೊರದಾರಿಯಿಂದ ಹುಟ್ಟುವ ವಿಟಿ ಕೆಲವೊಮ್ಮೆ ಅದಕ್ಕೆ ಬಗ್ಗುತ್ತದೆ. ಆರೋಗ್ಯವಂತ ಯುವಕನಲ್ಲಿ ಬಲ ಬಂಡಲ್ ಬ್ಲಾಕ್ ಆಕಾರ, ಎಡಕ್ಕೆ ತಿರುಗಿದ ಆಕ್ಸಿಸ್ (ವಿದ್ಯುತ್ ಹರಿಯುವ ಒಟ್ಟಾರೆ ದಿಕ್ಕು), ತುಸುವೇ ಅಗಲವಾದ ಕ್ಯೂಆರ್‌ಎಸ್ ಇದ್ದರೆ ಫ್ಯಾಸಿಕ್ಯುಲರ್ ವಿಟಿ. ವೆರಪಾಮಿಲ್‌ಗೆ ನಿಲ್ಲುವ ವಿಟಿ ಇದು, ಆದರೆ ಆ ನಿರ್ಧಾರ ಫೋನಿನಲ್ಲಿ ಕೇಳಿ ಮಾಡುವಂಥದ್ದಲ್ಲ, ಕಾಗದ ನೋಡಿಯೇ ಮಾಡಬೇಕು. ಉಳಿದಂತೆ ಸ್ಥಿರವಾಗಿರುವ ರೋಗಿಗೆ ಅಮಿಯೋಡರಾನ್ 150 ಎಂಜಿ, ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಿ ಹತ್ತು ನಿಮಿಷದಲ್ಲಿ.

ಒಂದು ವೇಷಧಾರಿ ಬಗ್ಗೆ ಎಚ್ಚರ. ಕ್ಯೂಆರ್‌ಎಸ್ ಐದು ಸಣ್ಣ ಚೌಕಕ್ಕಿಂತ ಅಗಲ, ಪಿ ಇಲ್ಲ, ವೇಗ ಮಾತ್ರ ನೂರರ ಆಸುಪಾಸು: ವಿಟಿ ಎನ್ನುವ ಮುಂಚೆ ಡಯಾಲಿಸಿಸ್ ಯಾವಾಗ ಆಯಿತು, ಸ್ಪೈರನೊಲ್ಯಾಕ್ಟೋನ್ ತಗೋತಿದ್ದಾರಾ ಎಂದು ಕೇಳಿ. ಪೊಟ್ಯಾಶಿಯಂ ಏರಿದೆ. ಲ್ಯಾಬ್ ರಿಪೋರ್ಟ್‌ಗೆ ಕಾಯದೆ ಕ್ಯಾಲ್ಶಿಯಂ ಗ್ಲುಕೊನೇಟ್ ಕೊಡಿ. ಕೊಡುತ್ತಿದ್ದಂತೆಯೇ ಕ್ಯೂಆರ್‌ಎಸ್ ಕಿರಿದಾದರೆ ನಿರ್ಣಯವೂ ಆಯಿತು.

ಅಗಲ, ಲಯ ತಪ್ಪಿದ್ದು

ಅತಿ ವೇಗ, ಕೆಲವೆಡೆ ಎರಡು ಕ್ಯೂಆರ್‌ಎಸ್ ನಡುವೆ ಒಂದೂಕಾಲು ದೊಡ್ಡ ಚೌಕವೂ ಇಲ್ಲ, ಒಂದೊಂದು ಕ್ಯೂಆರ್‌ಎಸ್‌ನ ಅಗಲ ಒಂದೊಂದು ರೀತಿ: ಇದು ಡಬ್ಲ್ಯುಪಿಡಬ್ಲ್ಯು (ಎವಿ ನೋಡ್ ತಪ್ಪಿಸಿ ಹೋಗುವ ಹೆಚ್ಚುವರಿ ವಿದ್ಯುತ್ ದಾರಿ) ಇದ್ದವರಿಗೆ ಬಂದ ಏಟ್ರಿಯಲ್ ಫಿಬ್ರಿಲೇಶನ್. ಅಡಿನೋಸಿನ್, ವೆರಪಾಮಿಲ್, ಡಿಲ್ಟಿಯಾಜೆಮ್, ಬೀಟಾ ಬ್ಲಾಕರ್, ಡಿಗಾಕ್ಸಿನ್, ಅಮಿಯೋಡರಾನ್ ಇಂಜೆಕ್ಷನ್, ಯಾವುದೂ ಬೇಡ. ಎವಿ ನೋಡ್ ಮುಚ್ಚಿದರೆ ಎಲ್ಲವೂ ಹೆಚ್ಚುವರಿ ದಾರಿಯಲ್ಲೇ ನುಗ್ಗಿ ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಆದೀತು. ತಾಲೂಕು ಮಟ್ಟದಲ್ಲಿ ಇದಕ್ಕೆ ಶಾಕ್ ಅತ್ಯಂತ ಸುರಕ್ಷಿತ. ಬಂಡಲ್ ಬ್ಲಾಕ್ ಇರುವವರ ಸಾಮಾನ್ಯ ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಲಯ ತಪ್ಪಿದ್ದರೂ ಆಕಾರ ಬದಲಾಗುವುದಿಲ್ಲ, ವ್ಯತ್ಯಾಸ ಅಲ್ಲಿದೆ.

ಕ್ಯೂಆರ್‌ಎಸ್‌ನ ತುದಿಗಳು ಗೆರೆಯ ಸುತ್ತ ತಿರುಚಿಕೊಂಡು ಮೇಲೆ ಕೆಳಗೆ ಮಗುಚುತ್ತಿದ್ದರೆ ಟೊರ್ಸಾಡ್, ಅಂದರೆ ಕ್ಯೂಟಿ ಉದ್ದವಾದಾಗ ಬರುವ ವಿಟಿ. ನಡುವೆ ಸಿಗುವ ಸೈನಸ್ ಬಡಿತದಲ್ಲಿ ಕ್ಯೂಟಿ (ಕ್ಯೂಆರ್‌ಎಸ್ ಆರಂಭದಿಂದ ಟಿ ಅಲೆಯ ಕೊನೆಯವರೆಗಿನ ಅಂತರ) ಅಳೆಯಿರಿ, ಅದನ್ನು ಉದ್ದ ಮಾಡುವ ಮದ್ದುಗಳಿವೆಯೇ ಎಂದು ಔಷಧಿ ಚೀಟಿ ನೋಡಿ: ಅಜಿತ್ರೊಮೈಸಿನ್, ಲಿವೊಫ್ಲಾಕ್ಸಾಸಿನ್, ಒಂಡಾನ್‌ಸೆಟ್ರಾನ್, ಹ್ಯಾಲೊಪೆರಿಡಾಲ್ ಒಟ್ಟಿಗೆ ಬಿದ್ದಿರುವುದು ಅಪರೂಪವಲ್ಲ. ಮೆಗ್ನೀಶಿಯಂ ಸಲ್ಫೇಟ್ 2 ಗ್ರಾಂ, ಪೊಟ್ಯಾಶಿಯಂ ಸರಿಪಡಿಸುವುದು, ಅಮಿಯೋಡರಾನ್ ಮುಟ್ಟದಿರುವುದು. ರೋಗಿ ಕುಸಿದರೆ ಸಿಂಕ್ ಇಲ್ಲದ ಶಾಕ್.

ಬಡಿತ ಇಳಿದ ಮೇಲೆ

ತಕ್ಷಣ ಇನ್ನೊಂದು ಹನ್ನೆರಡು ಲೀಡ್. ಪಿಆರ್ (ಪಿ ಆರಂಭದಿಂದ ಕ್ಯೂಆರ್‌ಎಸ್ ಆರಂಭದವರೆಗಿನ ಅಂತರ) ಮೂರು ಸಣ್ಣ ಚೌಕಕ್ಕಿಂತ ಕಡಿಮೆ ಇದ್ದು ಕ್ಯೂಆರ್‌ಎಸ್‌ನ ಆರಂಭ ಇಳಿಜಾರಾಗಿದ್ದರೆ ಡೆಲ್ಟಾ ಅಲೆ, ಅಂದರೆ 1930ರಲ್ಲಿ ವುಲ್ಫ್, ಪಾರ್ಕಿನ್ಸನ್ ಮತ್ತು ವೈಟ್ ವಿವರಿಸಿದ ಇಸಿಜಿ ಚಿತ್ರ (ಡಬ್ಲ್ಯುಪಿಡಬ್ಲ್ಯು); ಅದರ ಹಿಂದಿರುವುದು ಆ ಹೆಚ್ಚುವರಿ ದಾರಿ. ಇವರನ್ನು ಮಾತ್ರೆ ಕೊಟ್ಟು ಮನೆಗೆ ಕಳಿಸಿ ಮರೆಯಬೇಡಿ; ಅಬ್ಲೇಶನ್ ಮಾಡುವಲ್ಲಿಗೆ ಕಳಿಸಿ. ಓಟದ ವೇಳೆ ಎಸ್‌ಟಿ ಇಳಿದದ್ದು, ಟ್ರೋಪೋನಿನ್ ತುಸು ಏರಿದ್ದು ಯುವಕರಲ್ಲಿ ವೇಗದಿಂದಲೇ ಆಗಬಹುದು, ಅದನ್ನು ಹಾರ್ಟ್ ಅಟ್ಯಾಕ್ ಎಂದು ಚೀಟಿಯಲ್ಲಿ ಬರೆದು ಬಿಟ್ಟರೆ ಆ ಹಣೆಪಟ್ಟಿ ವರ್ಷಗಟ್ಟಲೆ ಬಿಡುವುದಿಲ್ಲ. ವಿಟಿ ಆಗಿದ್ದವರನ್ನು ಬಡಿತ ಸರಿಹೋದರೂ ಮಾನಿಟರ್ ಇರುವ ಆಂಬುಲೆನ್ಸಿನಲ್ಲೇ ಕಳಿಸಬೇಕು. ಹೆದ್ದಾರಿಯ ನಡುವೆ ಅದು ಮರಳಿ ಬಂದೀತು.

ಇನ್ನು ಕಾಗದ. ಥರ್ಮಲ್ ಪೇಪರಿನ ಗೆರೆ ಬಿಸಿಗೆ ಮತ್ತು ಪ್ಲಾಸ್ಟಿಕ್ ಕವರಿನೊಳಗೆ ಅಳಿಸುತ್ತದೆ, ಸ್ಯಾನಿಟೈಜರ್ ತಗುಲಿದರೆ ಆಗಲೇ ಹೋಗುತ್ತದೆ. ಜೆರಾಕ್ಸ್ ತೆಗೆಸಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಒಂದು ಲೀಡ್‌ನ ತುಣುಕು ಸಾಲದು, ವೇಗ ಮತ್ತು ಎತ್ತರದ ಗುರುತು ಕಾಣುವಂತೆ ಇಡೀ ಹಾಳೆ, ನೇರವಾಗಿ ಮೇಲಿನಿಂದ, ಟ್ಯೂಬ್‌ಲೈಟ್ ಹೊಳಪು ಬೀಳದಂತೆ. ಹಾಳೆಯ ಅಂಚಿನಲ್ಲಿ ಪೆನ್ನಿನಿಂದ ಇಷ್ಟು ಬರೆದರೆ ನಮಗೆ ಸಾಕು: ಸಮಯ, ಆಗಿನ ಬಿಪಿ, ಕೊಟ್ಟ ಮದ್ದು ಮತ್ತು ಪ್ರಮಾಣ, ಯಾವ ಕೈಯ ಯಾವ ನಾಳದಲ್ಲಿ, ಎಷ್ಟು ಸೆಕೆಂಡಿಗೆ ನಿಂತಿತು.